ಎಮ್ಮೆ ಎಬ್ಬಿಸುವ ಅನುಸೂಯಾ

ಬೆಳಗಿನ ಐದೂ ಇಪ್ಪತ್ತು. ಹೊಸಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಂದೇ ಒಂದು ಶಟರ್ ಮೊಣಕಾಲೆತ್ತರಕ್ಕೆ ಎದ್ದಿದೆ. ಬಗ್ಗಿ ನೋಡಿದರೆ ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ ಕಂಪ್ಯೂಟರ್, ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ ಅನುಸೂಯಾ. ಎಡಗೈಯಲ್ಲಿ ಗಂಡಸರ ಹಳೇ ವಾಚು. ಕಣ್ಣು ಪರದೆಯ ಮೇಲೆ, ತುಟಿ ಎಣಿಕೆಯ ಮೇಲೆ.

“ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು. ಹಾಂ, ಎದ್ತು ನೋಡ್ರಿ ಎಮ್ಮಿ.”

ಎಮ್ಮೆ ಅಂದರೆ ಕೊಟ್ಟಿಗೆಯ ಎಮ್ಮೆಯಲ್ಲ. ಅದು ಆಕೆ ತಾನೇ ಕೂತು ಕಟ್ಟಿದ ಒಂದು ಎಕ್ಸೆಲ್ ಫೈಲು. ಐದು ಲಕ್ಷ ಸಾಲು, ಒಂಬತ್ತು ಕಾಲಮ್ಮು, ಸಾಲು ಸಾಲಿಗೂ ಲೆಕ್ಕ. ಒಳಗಿರುವ ಅಂಕಿಗಳು ಸುಳ್ಳು, ಭಾರ ಮಾತ್ರ ಸುಳ್ಳಲ್ಲ. ಈ ಅಂಗಡಿಯಿಂದ ಹೊರಗೆ ಹೋಗುವ ಪ್ರತಿಯೊಂದು ಮಷಿನೂ ಈ ಎಮ್ಮೆಯನ್ನು ಎಬ್ಬಿಸಿ ತೋರಿಸಬೇಕು. ಎಷ್ಟು ಸೆಕೆಂಡಿಗೆ ಎದ್ದಿತು ಎಂಬುದನ್ನು ಡಬ್ಬಿಯ ಪಕ್ಕೆಗೆ ಸೀಮೆಸುಣ್ಣದಲ್ಲಿ ಬರೆಯುತ್ತಾಳೆ. ಅರವತ್ತು ದಾಟಿದರೆ ಆ ಮಷಿನು ಹೊಸಿಲು ದಾಟುವುದಿಲ್ಲ.

“ದೊಡ್ಡ ಅಂಗಡ್ಯಾಗ ಕಂಪ್ಯೂಟರ್ ತೋರಸುವಾಗ ಸಿನಿಮಾ ಹಾಡು ಹಾಕಿ ತೋರಸ್ತಾರ್ರಿ,” ಅನ್ನುತ್ತಾಳೆ ಅನುಸೂಯಾ. “ಹಾಡು ಎಂಥಾ ಡಬ್ಬಿಯಾಗೂ ಓಡತೈತಿ. ನನ್ನ ಕಡೆ ಬರೋರು ಹಾಡು ಕೇಳಾಕ ಬರಂಗಿಲ್ಲ. ಅವರಿಗೆ ಲಕ್ಷಗಟ್ಟಲೆ ಸಾಲಿನ ಶೀಟು ತೆರೀಬೇಕು. ಹಂಗಾಗಿ ಎಮ್ಮಿ ಎಬ್ಬಿಸಿ ತೋರಸ್ತೀನಿ.”

ಇಷ್ಟು ಹೊತ್ತಿಗೇ ಯಾಕೆ ಅಂದರೆ ಅದಕ್ಕೂ ಕಾರಣವಿದೆ. ಹೊಸಪೇಟೆಯಲ್ಲಿ ಹತ್ತು ಗಂಟೆಯ ಮೇಲೆ ತಗಡಿನ ಮಾಡಿನ ಕೆಳಗೆ ಮನುಷ್ಯರೇ ಹ್ಯಾಂಗ್ ಆಗುತ್ತಾರೆ, ಮಷಿನಿನದೇನು ಕಥೆ. ಬೆಳಗಿನ ಜಾವ ಕರೆಂಟು ಕುಣಿಯುವುದಿಲ್ಲ, ಗಾಳಿ ತಣ್ಣಗಿರುತ್ತದೆ. ಆಗ ಅಳೆದ ಸೆಕೆಂಡು ನ್ಯಾಯದ ಸೆಕೆಂಡು.

ಇವತ್ತು ಶನಿವಾರ. ಚಾಪೆಯ ಮೇಲಿರುವ ಮಷಿನು ಎಮ್ಮೆಯನ್ನು ನಲವತ್ತೊಂದು ಸೆಕೆಂಡಿಗೆ ಎಬ್ಬಿಸಿದೆ. ಅನುಸೂಯಾಳ ಮುಖದಲ್ಲಿ ಮಾತ್ರ ಗೆಲುವಿಲ್ಲ. ಯಾಕೆಂದರೆ ಇದೇ ಮಷಿನಿನಲ್ಲಿ ತೆರೆಯಬೇಕಾದ ನಿಜವಾದ ಫೈಲು, ಸಂಡೂರು ಕಡೆಯ ಹಳ್ಳಿಯ ಫೈಲು, ಹನ್ನೊಂದು ನಿಮಿಷ ತೆಗೆದುಕೊಂಡು ತೆರೆದಿದೆ, ಶೀಟಿನ ಒಂದು ಮನೆ, ಅಂದರೆ ಒಂದು ಚೌಕ, ಮುಟ್ಟಿದ ಕೂಡಲೇ ಕಲ್ಲಾಗಿ ಕೂತಿದೆ. ಸೋಮವಾರ ಹನ್ನೊಂದಕ್ಕೆ ಆ ಫೈಲು ತಾಲ್ಲೂಕಿನ ಸಭೆಯಲ್ಲಿ ತೆರೆಯಬೇಕು. ತೆರೆಯದಿದ್ದರೆ ಆ ಹಳ್ಳಿಯ ಹೆಂಗಸರು ಎರಡು ವರ್ಷ ಬೇವಿನ ಮರದ ಕೆಳಗೆ ಕೂತದ್ದು ನೀರಿನಲ್ಲಿ ಹೋಮ.

ಎಲೆಮರೆಯ ಕಾಯಿ ಅನ್ನುತ್ತೇವೆ ಇಂಥವರನ್ನು. ಕೇಳಲು ಚೆಂದ. ಕಾಯಿ ತಾನಾಗಿ ಹೋಗಿ ಎಲೆಯ ಹಿಂದೆ ಬಚ್ಚಿಟ್ಟುಕೊಂಡ ಹಾಗೆ. ನಡೆಯುವುದು ಬೇರೆ. ಬಿಸಿಲು ಬಿದ್ದ ಕಡೆಗೆಲ್ಲ ಎಲೆಗಳೇ ಮುಂದೆ ಬಂದು ನಿಲ್ಲುತ್ತವೆ.

ಆ ಫೈಲಿನ ಕಥೆ ಮೊದಲು. ಚೋರನೂರಿಗೆ ಹೋಗುವ ಕಡೆ ಒಂದು ಹಳ್ಳಿ. ಹೆಸರು ಬೇಡ ಅಂದಿದ್ದಾರೆ, ಹೆಸರು ಬಂದರೆ ನಾಳೆ ಲಾರಿ ಎಣಿಸುವವರ ಕುರ್ಚಿ ಮುರಿಯುವವರಿದ್ದಾರೆ. ಊರ ನಡುವೆ ಅದಿರು ಲಾರಿಗಳ ರಸ್ತೆ, ರಸ್ತೆಯ ಆಚೆ ಶಾಲೆ. ಎರಡು ವರ್ಷದ ಹಿಂದೆ ಎರಡನೇ ತರಗತಿಯ ಹುಡುಗಿಯೊಬ್ಬಳ ಪಾದದ ಮೇಲೆ ಲಾರಿ ಹಾಯಿತು. ಶಾಲೆ ಸೇರುವ, ಬಿಡುವ ಒಂದೊಂದು ಗಂಟೆ ಲಾರಿ ನಿಲ್ಲಿಸಿ ಎಂದು ಊರವರು ಕೇಳಿದರು. ತಾಲ್ಲೂಕು ಕಚೇರಿಯಲ್ಲಿ ಮೇಜಿನ ಆಚೆ ಕೂತವರು ಒಂದು ಕಾಗದ ನೋಡಿ, ಆ ಹೊತ್ತಿನಲ್ಲಿ ಲಾರಿ ಅಷ್ಟೇನೂ ಇರುವುದಿಲ್ಲ, ದಾಖಲೆ ಇದ್ದರೆ ತನ್ನಿ ಅಂದರು.

ಸರಿ, ದಾಖಲೆ ತಾನೇ. ಮರುದಿನ ಬೆಳಿಗ್ಗೆ ಆರಕ್ಕೆ ಎರ್ರೆಮ್ಮ ಎಂಬ ಎಪ್ಪತ್ತರ ಅಜ್ಜಿ ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ಕೂತಳು. ಅವಳಿಗೆ ಅಂಕಿ ಮಾತ್ರ ಬರೆಯಲು ಬರುತ್ತದೆ, ಲಾರಿ ನಂಬರಿಗೆ ಅದು ಸಾಕು. ಆಮೇಲೆ ಒಬ್ಬರಾದ ಮೇಲೆ ಒಬ್ಬರು, ಎರಡೆರಡು ಗಂಟೆಯ ಪಾಳಿ, ಸಂಜೆ ಆರರವರೆಗೆ. ನಂಬರು, ಹೊತ್ತು, ಹೋಗಿದ್ದೋ ಬಂದಿದ್ದೋ, ಧೂಳು ಹಾರದಂತೆ ಮೇಲೆ ತಾಡಪಾಲು ಹೊದಿಸಿತ್ತೋ ಇಲ್ಲವೋ. ಪಿಯುಸಿ ಮುಗಿಸಿದ ಸುನಿತಾ ದಿನಾ ಸಂಜೆ ಅದನ್ನು ಕಂಪ್ಯೂಟರಿಗೆ ಹಾಕಿದಳು. ಎರಡು ವರ್ಷ. ಮೂರು ಲಕ್ಷ ಎಂಬತ್ತೆರಡು ಸಾವಿರ ಸಾಲು.

ಅದನ್ನು ಹೊತ್ತುಕೊಂಡು ಹೋದ ತಿಂಗಳು ಸಭೆಗೆ ಹೋದರು. ಪರದೆಯ ಮೇಲೆ ನೀಲಿ ಚಕ್ರ ತಿರುಗಿತು. ಇಪ್ಪತ್ತು ನಿಮಿಷ ತಿರುಗಿತು. ಹಿಂದಿನ ಸಾಲಿನಲ್ಲಿ ಯಾರೋ, ನಿಮ್ಮ ಲಾರಿ ಟ್ರಾಫಿಕ್ಕಿನಾಗ ಸಿಕ್ಕೈತೇನೋ ಅಂದರು. ಎಲ್ಲರೂ ನಕ್ಕರು. ಇನ್ನೊಂದೇ ಸಲ ಸಮಯ ಕೊಡುತ್ತೇವೆ, ಆಗಲೂ ತೋರಿಸದಿದ್ದರೆ ವಿಷಯ ಮುಗಿಯಿತು ಎಂದು ಮೇಜಿನ ಆಚೆಯವರು ಎದ್ದರು.

ನಾಗೇಂದ್ರಪ್ಪ ಆ ಊರಿನವನು, ಹದಿನೆಂಟು ವರ್ಷ ಅದಿರು ಲಾರಿ ಓಡಿಸಿದವನು, ಈಗ ಅದೇ ಲಾರಿಗಳ ವಿರುದ್ಧ ನಿಂತವನು. ಊರವರು ಕೂಡಿಸಿದ ಇಪ್ಪತ್ತು ಸಾವಿರ ಜೇಬಿನಲ್ಲಿಟ್ಟುಕೊಂಡು ಒಂದು ದೊಡ್ಡ ಅಂಗಡಿಗೆ ಹೋದ. ಗಾಜಿನ ಪೆಟ್ಟಿಗೆಯೊಳಗೆ ಏಳು ಬಣ್ಣದ ದೀಪ ಉರಿಯುವ ಮಷಿನು ತೋರಿಸಿ ಎಪ್ಪತ್ತೆರಡು ಸಾವಿರ ಅಂದರು. ಅಷ್ಟಿಲ್ಲ ಅಂದದ್ದಕ್ಕೆ, ಹಂಗಾದ್ರ ಕಂಪ್ಯೂಟರ್ ಯಾಕ ಬೇಕಪ್ಪಾ ನಿಮಗ, ಪಾಟಿ ಬಳಪ ತಗೊಂಡು ಹೋಗ್ರಿ ಅಂದರು. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಅದನ್ನು ಹೇಳಿಕೊಂಡಾಗ ಚಹಾದವನೇ ಹಿಂದಿನ ಗಲ್ಲಿ ತೋರಿಸಿದ.

ಹಾಗೆ ನಿನ್ನೆ, ಶುಕ್ರವಾರ ಮಧ್ಯಾಹ್ನ, ಹಳೇ ಸೀರೆಯಲ್ಲಿ ಕಟ್ಟಿದ ಕಂಪ್ಯೂಟರ್ ಹೊತ್ತುಕೊಂಡು ಆತ ಅನುಸೂಯಾಳ ಶಟರಿನ ಮುಂದೆ ನಿಂತ. ನಿಂತವನು ಎಲ್ಲರೂ ಕೇಳುವುದನ್ನೇ ಕೇಳಿದ.

“ಮೆಕ್ಯಾನಿಕ್ ಇಲ್ಲೇನವ್ವಾ?”

“ಹೊರಗ ಹೋಗ್ಯಾನ್ರಿ. ಅವ ಬರೋದ್ರಾಗ ನಾನ ಮಾಡಿ ಕೊಡ್ತೀನಿ. ಕುಂದ್ರಿ.”

ಹನ್ನೊಂದು ವರ್ಷದಿಂದ ಆ ಮೆಕ್ಯಾನಿಕ್ ಹೊರಗೆ ಹೋಗಿದ್ದಾನೆ. ಇನ್ನೂ ಬಂದಿಲ್ಲ. ಕಂಪ್ಲಿಯ ಅಕ್ಕಿ ಗಿರಣಿಯ ಗೋಪೀನಾಥರಾಯರಿಗೆ ಈ ಮಾತು ಗೊತ್ತಾದ ಮೇಲೆ, ಬಂದಾಗಲೆಲ್ಲ ಶಟರಿನ ಹೊರಗಿನಿಂದಲೇ ಕೂಗುತ್ತಾರೆ: “ಅನುಸೂಯಮ್ಮಾ, ನಿಮ್ಮ ಮೆಕ್ಯಾನಿಕ್ಕಿನ ಪತ್ತೆ ಆತೇನು? ಪೊಲೀಸ್ ಕಂಪ್ಲೇಂಟ್ ಕೊಡೋಣೇನು?”

ಅನುಸೂಯಾಗೆ ಈಗ ಮೂವತ್ತೆಂಟು. ಅಪ್ಪ ಗದ್ದೆ ಕೂಲಿ, ಅವ್ವ ಗಾರೆ ಕೆಲಸ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟಳು ಎಂದು ಬರೆದರೆ ಸಾಕು, ಓದುವವರು ಅಯ್ಯೋ ಅನ್ನುತ್ತಾರೆ. ಅಯ್ಯೋ ಬೇಡ. ಶಾಲೆ ಬಿಟ್ಟವರಿಗೆ ತಲೆ ಬಿಟ್ಟುಹೋಗಿರುವುದಿಲ್ಲ. ಹದಿನೇಳಕ್ಕೆ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಸ ಹೊಡೆಯುವ ಕೆಲಸಕ್ಕೆ ಸೇರಿದಳು. ಒರೆಸು, ಒತ್ತಬೇಡ ಎಂದು ಮೊದಲ ದಿನವೇ ಹೇಳಿದ್ದರು. ಕೀಬೋರ್ಡಿನ ಒಂದೊಂದು ಗುಂಡಿಯನ್ನೂ ದಿನಾ ಒರೆಸಿ ಒರೆಸಿ, ಯಾವುದು ಎಲ್ಲಿದೆ ಎಂಬುದು ಬೆರಳಿಗೆ ಬಂತು. ಗೋಡೆ ಒರೆಸುವಾಗ ಪಾಠ ಕೇಳಿಸಿತು. ಕಿವಿಗೆ ಫೀಸು ಕೇಳುವವರು ಯಾರೂ ಇರಲಿಲ್ಲ.

ಏಳು ವರ್ಷದ ಮೇಲೆ ಕೇಂದ್ರ ಮುಚ್ಚಿತು. ಕೆಟ್ಟ ಹನ್ನೊಂದು ಕಂಪ್ಯೂಟರುಗಳನ್ನು ಗುಜರಿಯ ಹೊನ್ನೂರಪ್ಪ ತಕ್ಕಡಿಗೆ ಹಾಕಿಕೊಂಡು ಹೋದ. ಹಿಂದೆಯೇ ಹೋಗಿ ಅದೇ ಕಬ್ಬಿಣದ ತೂಕಕ್ಕೆ ಅವನ್ನು ಕೊಂಡು ತಂದಳು. ಹೊನ್ನೂರಪ್ಪ ಇವತ್ತಿಗೂ ಹೇಳುತ್ತಾನೆ: “ಹುಚ್ಚು ಹಿಡದೈತಿ ಈ ಹುಡುಗಿಗೆ ಅನ್ಕೊಂಡಿದ್ನಿ. ಹನ್ನೊಂದು ಹೆಣ ತಗೊಂಡು ಹೋಗಿ ನಾಕು ಜೀವಂತ ಮಾಡಿದ್ಲು ನೋಡ್ರಿ.” ಆ ನಾಲ್ಕನ್ನು ಮಾರಿ ಇನ್ನಷ್ಟು ತಂದಳು. ಹಾಗೆ ಚಿಕ್ಕಪುಟ್ಟದ್ದು ಮಾಡುತ್ತ ಬಂದು, ಹನ್ನೊಂದು ವರ್ಷದ ಹಿಂದೆ ಈ ಶಟರು ಬಾಡಿಗೆಗೆ ಹಿಡಿದಳು. ಅವಳ ನೋಟ್‌ಬುಕ್ಕಿನ ಪ್ರಕಾರ ಇಲ್ಲಿಂದ ಹೋದ ಮಷಿನುಗಳು ಸಾವಿರದ ನೂರ ನಲವತ್ತಾರು. ಚಾಪೆಯ ಮೇಲಿರುವುದು ಸಾವಿರದ ನೂರ ನಲವತ್ತೇಳನೆಯದು.

ಬಂದ ಮಷಿನಿನ ಹೊಟ್ಟೆ ಬಿಚ್ಚಿದ ಕೂಡಲೇ ಅದರ ಊರು ಹೇಳುತ್ತಾಳೆ. ಕಂಪ್ಲಿಯದಾದರೆ ಒಳಗೆ ಬೂದುಬಣ್ಣದ ತವುಡು, ಗಿರಣಿಯ ಗಾಳಿ. ಹಂಪಿಯ ಗೆಸ್ಟ್ ಹೌಸಿನದಾದರೆ ಊದುಬತ್ತಿಯ ಜಿಡ್ಡು. ಸಂಡೂರಿನದಾದರೆ ಕೇಳುವುದೇ ಬೇಡ, ಕೆಂಪು. ಆ ಧೂಳಿಗೆ ಅವಳು ಹೆದರುತ್ತಾಳೆ, ಯಾಕೆಂದರೆ ಅದು ಬರೀ ಮಣ್ಣಲ್ಲ, ಕಬ್ಬಿಣ. ಅಯಸ್ಕಾಂತದ ಸ್ಕ್ರೂಡ್ರೈವರ್ ಹಿಡಿದರೆ ತುದಿಗೆ ಸಣ್ಣ ಮೀಸೆ ಬರುತ್ತದೆ. ನಾಗೇಂದ್ರಪ್ಪನ ಡಬ್ಬಿ ಬಿಚ್ಚಿ ಆ ಮೀಸೆಯನ್ನು ಅವನಿಗೇ ತೋರಿಸಿದಳು.

“ಇದು ನಿಮ್ಮ ಊರಿನ ಗಾಳೀನೋ, ಗಣಿಯೋ?”

“ಎರಡೂ ಒಂದ ಆಗ್ಯಾವವ್ವಾ ನಮಗ,” ಅಂದ ನಾಗೇಂದ್ರಪ್ಪ. “ಕಂಪ್ಯೂಟರಿಗೆ ಬಂದದ್ದು ಬಿಚ್ಚಿದ್ರ ಕಾಣತೈತಿ. ನಮ್ಮನ್ನ ಬಿಚ್ಚಿ ನೋಡೋರು ಯಾರು?”

ಆ ಡಬ್ಬಿ ಉಳಿಯುವಂಥದ್ದಲ್ಲ. ಒಳಗಿದ್ದದ್ದು ನಾಲ್ಕು ಜಿಬಿ ಮೆಮೊರಿ, ತಿರುಗುವ ಹಳೇ ಹಾರ್ಡ್ ಡಿಸ್ಕು. ಇಪ್ಪತ್ತು ಸಾವಿರದೊಳಗೆ ಬೇರೆ ಕಟ್ಟಬೇಕು. ಅಂಗಡಿಯಲ್ಲಿ ಎರಡು ಸೆಕೆಂಡ್ ಹ್ಯಾಂಡ್ ಡಬ್ಬಿಗಳಿದ್ದವು. ಎರಡೂ ಬೆಂಗಳೂರಿನ ಕಚೇರಿಗಳು ಬಳಸಿ ಬಿಟ್ಟವು, ಎರಡಕ್ಕೂ ಹೆಚ್ಚೂ ಕಡಿಮೆ ಒಂದೇ ಬೆಲೆ. ಒಂದು ದೊಡ್ಡದು, ಒಳಗಿನ ಪ್ರೊಸೆಸರಿಗೆ ಹನ್ನೆರಡು ಕೋರು, ಅಂದರೆ ಲೆಕ್ಕ ಮಾಡುವ ಹನ್ನೆರಡು ಕೈ, ಆದರೆ ಹಳೆಯದು, ನಿಧಾನ. ಇನ್ನೊಂದು ಬುತ್ತಿ ಡಬ್ಬಿಯಷ್ಟು ಚಿಕ್ಕದು, ಆರೇ ಕೋರು, ಒಂದೊಂದೂ ಚುರುಕು. ನಾಗೇಂದ್ರಪ್ಪನ ಕಣ್ಣು ದೊಡ್ಡದರ ಮೇಲೆ. ಅನುಸೂಯಾ ಚಿಕ್ಕದನ್ನು ಎತ್ತಿದಳು.

“ಹನ್ನೆರಡು ಮಂದಿ ಕೂಲಿಕಾರರನ್ನ ಕರದು ಒಂದ ಸೂಜಿಗೆ ದಾರ ಪೋಣಸ್ರಿ ಅಂದ್ರ ಏನು ಮಾಡ್ತಾರ? ಒಬ್ಬ ಪೋಣಸ್ತಾನ, ಹನ್ನೊಂದು ಮಂದಿ ಬೀಡಿ ಸೇದ್ತಾರ. ಒಂದರ ಹಿಂದ ಒಂದು ಆಗೋ ಲೆಕ್ಕಕ್ಕ ಮಂದಿ ಬ್ಯಾಡ, ಕೈ ಚುರುಕಿರಬೇಕು.”

ಅದಕ್ಕೆ ಎಂಟರ ಜೋಡಿ, ಹದಿನಾರು ಜಿಬಿ ಮೆಮೊರಿ. ಹದಿನಾರರದು ಒಂದೇ ಹಾಕಬಹುದಲ್ಲ ಎಂದರೆ, ಒಂಟೆತ್ತು ಕಟ್ಟಿ ನೇಗಿಲು ಹೊಡಿಯೋದು ನೋಡೀರೇನು ಅನ್ನುತ್ತಾಳೆ. ತಿರುಗುವ ಡಿಸ್ಕಿನ ಬದಲು ತಿರುಗದ, ಚುರುಕಾದ ಎಸ್‌ಎಸ್‌ಡಿ. ಹಳೇ ಮಷಿನಿನಲ್ಲಿದ್ದ ಎಕ್ಸೆಲ್ಲು ಮೂವತ್ತೆರಡು ಬಿಟ್ಟಿನದು, ಮೆಮೊರಿ ಎಷ್ಟೇ ಇದ್ದರೂ ಒಂದು ಮಿತಿಯಾಚೆ ಮುಟ್ಟದ ಜಾತಿ. “ದೊಡ್ಡ ಗಂಗಾಳದಾಗ ನೀಡಿದ್ರೂ ಗಂಟಲ ಸಣ್ಣದಿದ್ರ ಏನು ಮಾಡೋದು?” ಅಂತ ಅದನ್ನು ಬದಲಿಸಿ ಅರವತ್ತನಾಲ್ಕರದು ಹಾಕಿದಳು. ಕರೆಂಟು ಉಳಿಸುವ ಸೆಟ್ಟಿಂಗು ತೆಗೆದು, ಪೂರ್ತಿ ಓಡು ಎಂದು ಬಿಟ್ಟಳು. ಬೋರ್ಡಿನ ಬಿಲ್ಲೆ ಬ್ಯಾಟರಿ, ಕೂಲಿ ಎಲ್ಲ ಸೇರಿ ಹದಿನೇಳು ಸಾವಿರದ ಮುನ್ನೂರು.

ಹಾಗೆ ಕಟ್ಟಿದ ಮಷಿನು ಶನಿವಾರ ಬೆಳಿಗ್ಗೆ ಎಮ್ಮೆ ಎಬ್ಬಿಸಿತು. ಹಳ್ಳಿಯ ಫೈಲಿನ ಮುಂದೆ ಮಾತ್ರ ಮಂಡಿಯೂರಿತು.

ಶನಿವಾರ ಇಡೀ ದಿನ ಅನುಸೂಯಾ ಮಷಿನಿನ ಮೇಲೆಯೇ ಅನುಮಾನ ಪಡುತ್ತಾಳೆ. ಮೆಮೊರಿ ಬಿಚ್ಚಿ ಒರೆಸಿ ಹಾಕುತ್ತಾಳೆ, ಬೇರೆ ಡಿಸ್ಕಿಗೆ ಹಚ್ಚಿ ನೋಡುತ್ತಾಳೆ. ಮಧ್ಯಾಹ್ನ ತಗಡಿನ ಮಾಡು ಕಾದಾಗ, ಹಣೆಯ ಬೆವರು ಮಷಿನಿನ ಮೇಲೆ ಬೀಳದಿರಲೆಂದು ತಲೆಗೆ ಟವೆಲ್ಲು ಕಟ್ಟಿಕೊಂಡು ಕೂರುತ್ತಾಳೆ. ನಾಗೇಂದ್ರಪ್ಪ ಎರಡು ಸಲ ಫೋನು ಮಾಡುತ್ತಾನೆ. ಎರಡನೇ ಸಲ ಅವನ ದನಿ ಇಳಿದಿದೆ.

“ಆಗಲಿಲ್ಲ ಅಂದ್ರ ಆಗಲಿಲ್ಲ ಅಂತ ಹೇಳವ್ವಾ. ನಾವು ನೋಟ್‌ಬುಕ್ಕ ಹೊತ್ಕೊಂಡು ಹೋಗ್ತೀವಿ. ನಗೋರು ನಗಲಿ.”

“ನಾಳೆ ಮುಂಜಾನಿ ತನಾ ಬಾಯಿ ಮುಚ್ಕೊಂಡು ಕುಂದ್ರಣ್ಣಾ,” ಅನ್ನುತ್ತಾಳೆ. ಗಿರಾಕಿಗೆ ಹೀಗೆ ಹೇಳುವ ಅಂಗಡಿ ಇನ್ನೊಂದಿಲ್ಲ. ಗಿರಾಕಿ ಬಾಯಿ ಮುಚ್ಚಿಕೊಂಡೂ ಕೂರುತ್ತಾನೆ.

ಭಾನುವಾರ ಬೆಳಿಗ್ಗೆ ಐದು. ಗೋಡೆಯ ಮೇಲೆ ಬುದ್ಧನ ಕ್ಯಾಲೆಂಡರು, ಅದರ ಕೆಳಗೆ ಅನುಸೂಯಾ. ಇವತ್ತು ವಾಚು ಹಿಡಿದಿಲ್ಲ. ಹನ್ನೊಂದು ನಿಮಿಷ ಕಾದು, ಫೈಲು ತೆರೆದ ಮೇಲೆ ಏನನ್ನೂ ಮುಟ್ಟದೆ ಸುಮ್ಮನೆ ನೋಡುತ್ತಾಳೆ. ಆಗ ಕಾಣುತ್ತದೆ. ಪರದೆಯ ಬಲಗಡೆ, ಮೇಲೆ ಕೆಳಗೆ ಎಳೆಯುವ ಪಟ್ಟಿ ಇರುತ್ತದಲ್ಲ, ಅದರ ಹಿಡಿ ಸಾಸಿವೆ ಕಾಳಿನಷ್ಟಾಗಿದೆ. ಸುನಿತಾ ತಿಂಗಳಿಗೊಂದು ಹಾಳೆ ಮಾಡಿದ್ದಾಳೆ, ಇಪ್ಪತ್ತನಾಲ್ಕು ಹಾಳೆ. ಒಂದು ಹಾಳೆಯಲ್ಲಿ ಹದಿನಾರು ಸಾವಿರ ಸಾಲು. ಅಷ್ಟಕ್ಕೆ ಆ ಹಿಡಿ ಅಷ್ಟು ಸಣ್ಣಗಾಗಬಾರದು.

ಕಂಟ್ರೋಲ್ ಒತ್ತಿ ಹಿಡಿದು ಎಂಡ್ ಒತ್ತುತ್ತಾಳೆ. ಆ ಗುಂಡಿ ಹಾಳೆಯ ಕಟ್ಟಕಡೆಯ ತುಂಬಿದ ಮನೆಗೆ ಒಯ್ದು ನಿಲ್ಲಿಸುತ್ತದೆ. ಪರದೆ ಎರಡು ನಿಮಿಷ ಉಸಿರು ಹಿಡಿದು, ಆಮೇಲೆ ಧಡಕ್ಕನೆ ಹಾರಿ ನಿಲ್ಲುತ್ತದೆ. ಸಾಲು ಸಂಖ್ಯೆ ಹತ್ತು ಲಕ್ಷ ನಲವತ್ತೆಂಟು ಸಾವಿರದ ಐನೂರ ಎಪ್ಪತ್ತಾರು. ಎಕ್ಸೆಲ್ಲಿನಲ್ಲಿ ಅದರಾಚೆ ಭೂಮಿಯಿಲ್ಲ. ಅಲ್ಲಿ ಒಂದು ಹಳದಿ ಮನೆ, ಅದರೊಳಗೆ ಕೆಂಪು ಅಕ್ಷರ: ಶುಭಂ.

ಅನುಸೂಯಾ ಒಬ್ಬಳೇ ಕೂತು ನಗುತ್ತಾಳೆ. ಆಮೇಲೆ ಸುನಿತಾಗೆ ಫೋನು.

“ಏನವಾ ಸುನಿತಾ, ಕಡೀ ಸಾಲಿನಾಗ ಶುಭಂ ಅಂತ ಬರದೀ ಏನು?”

“ಹೂಂನ್ರಿ ಅಕ್ಕಾ. ಎಲ್ಲಾ ಹಾಳ್ಯಾಗೂ ಬರದೀನಿ. ಮ್ಯಾಲ ಶ್ರೀ, ಕೆಳಗ ಶುಭಂ.”

“ಯಾರು ಹೇಳಿದ್ರು ನಿನಗ?”

“ಎರ್ರೆಮ್ಮಜ್ಜಿ. ನೋಟ್‌ಬುಕ್ಕಿಗೂ ಹಂಗ ಮಾಡಸ್ತಾಳ. ಮೊದಲನೇ ಹಾಳಿಗೆ, ಕಡೀ ಹಾಳಿಗೆ ಅರಿಷಿಣ ಕುಂಕುಮ ಹಚ್ಚಿ, ಕಡೀಗೆ ಶುಭಂ ಬರಸ್ತಾಳ. ಕಂಪ್ಯೂಟರಿನ ಪುಸ್ತಕಕ್ಕೂ ಮಾಡು ಅಂದ್ಲು.”

“ಲೆಕ್ಕದ ಸೂತ್ರಾನೂ ಅಲ್ಲೀತನಾ ಎಳದೀ?”

“ಹೋದ ದಸರಾದಿಂದ ಎಳದೀನ್ರಿ. ಶುಭಂ ತನಾ ಒಯ್ಯಬೇಕಲ್ಲ. ನಡಕ್ಕ ಬಿಟ್ರ ಅರ್ಧಂಬರ್ಧ ಆಗತೈತಿ.”

ಗಂಟು ಅಲ್ಲಿದೆ. ಹದಿನಾರು ಸಾವಿರ ಲಾರಿಗೆ ಬೇಕಾದ ಲೆಕ್ಕವನ್ನು ಸುನಿತಾ ಹತ್ತು ಲಕ್ಷ ಸಾಲಿಗೆ ಎಳೆದಿದ್ದಾಳೆ, ಒಂದಲ್ಲ, ಎಂಟು ಹಾಳೆಯಲ್ಲಿ. ಅದೂ ಎಂಥ ಲೆಕ್ಕ, ಈ ಲಾರಿ ಇವತ್ತು ಎಷ್ಟನೇ ಸಲ ಬಂತು ಎಂಬ ಲೆಕ್ಕ. ಒಂದೊಂದು ಸಾಲೂ ಹಾಳೆಯ ಉಳಿದ ಎಲ್ಲ ಸಾಲನ್ನೂ ಕೇಳಿಕೊಂಡು ಬರಬೇಕು. ಖಾಲಿ ಸಾಲುಗಳೂ ಕೇಳುತ್ತಿವೆ, ಖಾಲಿ ಸಾಲುಗಳನ್ನೂ ಕೇಳುತ್ತಿವೆ. ಎಪ್ಪತ್ತೆರಡು ಸಾವಿರದ ದೀಪದ ಮಷಿನು ತಂದಿದ್ದರೂ ಇದರ ಮುಂದೆ ಏಳು ಬಣ್ಣದಲ್ಲಿ ಹ್ಯಾಂಗ್ ಆಗುತ್ತಿತ್ತು, ಅಷ್ಟೇ. ಆ ಅಂಗಡಿಯವರು ಒಮ್ಮೆಯಾದರೂ ಫೈಲು ತೋರಿಸು ಅಂದಿದ್ದರೇ? ಇಲ್ಲ. ಗಿರಾಕಿಯ ಅಂಗಿ ನೋಡಿದರು, ಚಪ್ಪಲಿ ನೋಡಿದರು, ಕೆಲಸ ನೋಡಲಿಲ್ಲ.

ಫೋನು ಎರ್ರೆಮ್ಮನ ಕೈಗೆ ಹೋಗಿದೆ. ಅಜ್ಜಿಯ ದನಿ ಜೋರು.

“ಯಾಕವಾ, ನನ್ನ ಶುಭಂ ನಿನಗೇನು ಮಾಡೈತಿ?”

“ದೂರ ಐತಜ್ಜಿ. ಹತ್ತು ಲಕ್ಷ ಸಾಲಿನಾಚೆ ಐತಿ. ಮಷಿನು ಅಲ್ಲೀತನಾ ನಡೀಲಾರದ ಬಿದ್ದೈತಿ.”

“ತಗದು ಒಗದಿ ಅಂದ್ರ ನೋಡು. ಪುಸ್ತಕ ಬಾಯಿ ತಕ್ಕೊಂಡು ಕುಂದ್ರತೈತಿ. ಬಾಯಿ ತೆರದ ಪುಸ್ತಕದಾಗ ಯಾರು ಬೇಕಾದ್ರೂ ಏನು ಬೇಕಾದ್ರೂ ಸೇರಸ್ತಾರ. ನಮ್ಮ ಮಾವ ಗೌಡರ ಮನೀ ಸಾಲದ ಪುಸ್ತಕದಾಗ ಹಂಗ ಹೊಲ ಕಳಕೊಂಡಾನ.”

ಅರಿಶಿನ ಕುಂಕುಮ ಅನುಸೂಯಾಳ ಮನೆಯ ಪದ್ಧತಿಯಲ್ಲ. ಆದರೆ ಅಜ್ಜಿಯ ಮಾತು ಮೂಢನಂಬಿಕೆಯ ಮಾತಲ್ಲ, ಪೆಟ್ಟು ತಿಂದವಳ ಮಾತು ಎಂದು ಅವಳಿಗೆ ಹೊಳೆಯುತ್ತದೆ.

“ಒಗ್ಯಂಗಿಲ್ಲಜ್ಜಿ. ಎಲ್ಲಾ ಮುಗದ ಮ್ಯಾಲ ಕಡೀಗೆ ಒಂದು ಬ್ಯಾರೆ ಹಾಳಿ ಹಾಕ್ತೀನಿ. ಅದರಾಗ ಬರೀ ಶುಭಂ. ಪುಸ್ತಕದ ಬಾಯಿಗೆ ಬೀಗನೂ ಹಾಕ್ತೀನಿ, ಪಾಸ್‌ವರ್ಡ್ ಅಂತಾರ ಅದಕ್ಕ. ನೀನು, ಸುನಿತಾ, ನಾಗೇಂದ್ರಣ್ಣ, ಮೂರು ಮಂದಿಗೆ ಬಿಟ್ಟು ಯಾರಿಗೂ ತಿದ್ದಾಕ ಬರಂಗಿಲ್ಲ.”

“ಅರಿಷಿಣ?”

“ಹಳದಿ ಬಣ್ಣ ಹಚ್ತೀನಿ.”

“ಹಂಗಾದ್ರ ಮಾಡು,” ಅನ್ನುತ್ತಾಳೆ ಎರ್ರೆಮ್ಮ, ಗದ್ದೆಯ ಬದು ಒತ್ತುವರಿಯ ರಾಜಿ ಮುಗಿಸಿದವಳ ಹಾಗೆ.

ಆಮೇಲಿನದು ಕೈಗೆಲಸ. ಮೊದಲು ಫೈಲಿನ ಮೂರು ನಕಲು, ಮೂರು ಬೇರೆ ಬೇರೆ ಕಡೆ. “ಮೊದಲು ನಕಲು, ಆಮ್ಯಾಲ ಬುದ್ಧಿವಂತಿಕಿ. ಇದು ನನ್ನ ಪಂಚಶೀಲದಾಗ ಆರನೇದು,” ಎಂದು ನಗುತ್ತಾಳೆ. ಪ್ರತಿ ಸಾಲಿಗೂ ಒಂದು ಕ್ರಮಸಂಖ್ಯೆ ಕೊಡುತ್ತಾಳೆ, ಸಾಲುಗಳನ್ನು ಹಿಂದೆ ಮುಂದೆ ಮಾಡಿದರೂ ಬೇಕೆಂದಾಗ ಮೊದಲಿನ ಜಾಗಕ್ಕೆ ತರಲು. ಲಾರಿ ಇಲ್ಲದ ಸಾಲುಗಳನ್ನೆಲ್ಲ ಕತ್ತರಿಸುತ್ತಾಳೆ. ಇಪ್ಪತ್ತನಾಲ್ಕು ಹಾಳೆಯನ್ನು ಒಂದು ಮಾಡುತ್ತಾಳೆ. ಆಮೇಲೆ ದಿನಾಂಕ, ಲಾರಿ ನಂಬರು, ಹೊತ್ತು, ಈ ಕ್ರಮದಲ್ಲಿ ಜೋಡಿಸುತ್ತಾಳೆ. ಒಂದೇ ದಿನ ಬಂದ ಒಂದೇ ಲಾರಿಯ ಸಾಲುಗಳು ಈಗ ಒಂದರ ಕೆಳಗೊಂದು ನಿಂತಿವೆ.

“ಮೊದಲು ಹೆಂಗಿತ್ತು ಅಂದ್ರ, ಎಮ್ಮಿ ಕಳದೈತಿ ಅಂತ ಊರಾಗಿನ ಎಲ್ಲಾ ಮನಿಗೂ ಹೋಗಿ ಕೇಳಿದಂಗ. ಈಗ ಪಕ್ಕದ ಮನಿಯವರನ್ನ ಕೇಳಿದ್ರ ಸಾಕು. ಮ್ಯಾಲಿನ ಸಾಲು ಅದ ಲಾರಿ, ಅದ ದಿನ ಆದ್ರ ಒಂದು ಕೂಡಸು, ಅಲ್ಲಂದ್ರ ಒಂದರಿಂದ ಶುರು ಮಾಡು.”

ಬಂದ ಉತ್ತರಗಳನ್ನು ಅಂಕಿಯಾಗಿಯೇ ಇಟ್ಟು ಸೂತ್ರ ತೆಗೆಯುತ್ತಾಳೆ. ಮೇಲ್ಗಡೆ ಎರಡು ಮನೆ ಬಿಟ್ಟಿದ್ದಾಳೆ, ಒಂದರಲ್ಲಿ ದಿನ, ಇನ್ನೊಂದರಲ್ಲಿ ಗಂಟೆ. ಅವನ್ನು ತುಂಬಿದರೆ ಲಾರಿ ಎಷ್ಟು, ತಾಡಪಾಲಿಲ್ಲದವು ಎಷ್ಟು ಎಂದು ಪಕ್ಕದಲ್ಲಿ ಬರಬೇಕು. ಬರುತ್ತದೆ. ನೂರ ಅರವತ್ತು ಎಂಬಿ ಇದ್ದ ಫೈಲು ಹದಿನಾಲ್ಕಕ್ಕೆ ಇಳಿದಿದೆ. ಸೋಮವಾರ ಬೆಳಿಗ್ಗೆ ಐದೂವರೆಗೆ ವಾಚು ಹಿಡಿದು ಕೊನೆಯ ಸಲ ತೆರೆಯುತ್ತಾಳೆ. ಹನ್ನೊಂದು. ನಿಮಿಷ ಅಲ್ಲ, ಸೆಕೆಂಡು. ಡಬ್ಬಿಯ ಪಕ್ಕೆಗೆ ಸೀಮೆಸುಣ್ಣದಲ್ಲಿ ಬರೆಯುತ್ತಾಳೆ.

ಆರೂವರೆಗೆ ನಾಗೇಂದ್ರಪ್ಪ ಬರುತ್ತಾನೆ. ಉಳಿದ ಎರಡು ಸಾವಿರದ ಏಳುನೂರು ಅವನ ಕೈಗಿಟ್ಟು, ಮಷಿನಿಗೆ ಒಂದು ಬಟ್ಟೆಯ ಗವಸು ಹೊಲಿಸ್ರಿ, ನಿಮ್ಮ ಗಾಳಿ ಸರಿ ಇಲ್ಲ ಅನ್ನುತ್ತಾಳೆ. ಅವನು ಅದೇ ಹಳೇ ಸೀರೆಯಲ್ಲಿ ಮಷಿನು ಕಟ್ಟಿಕೊಂಡು, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಸಂಡೂರು ಬಸ್ಸಿನಲ್ಲಿ ಕೂರುತ್ತಾನೆ.

ಸಭೆಗೆ ಅನುಸೂಯಾಳನ್ನು ಯಾರೂ ಕರೆದಿಲ್ಲ. ಕರೆದಿದ್ದರೂ ಹೋಗುವ ಹಾಗಿಲ್ಲ, ಗೋಪೀನಾಥರಾಯರ ಗಿರಣಿಯ ಮಷಿನು ಮಧ್ಯಾಹ್ನದೊಳಗೆ ಕಂಪ್ಲಿಗೆ ಹೋಗಬೇಕು. ತವುಡು ಬ್ರಷ್ಷಿನಿಂದ ಕೊಡವುತ್ತ ಕೂತಿದ್ದಾಳೆ. ಫೋನು ಎದುರಿಗೇ ಅಂಗಾತ ಮಲಗಿದೆ. ಹನ್ನೊಂದು ದಾಟಿತು. ಹನ್ನೊಂದೂವರೆ ದಾಟಿತು. ಮಷಿನು ಒಯ್ಯಲು ಬಂದ ರಾಯರು ಮೆಕ್ಯಾನಿಕ್ಕಿನ ಜೋಕು ತೆಗೆಯಲು ಬಾಯಿ ತೆರೆದವರು ಅವಳ ಮುಖ ನೋಡಿ ಮುಚ್ಚಿಕೊಂಡಿದ್ದಾರೆ.

ಹನ್ನೊಂದೂ ಮುಕ್ಕಾಲಿಗೆ ಫೋನು.

“ತೆರೀತೇನಣ್ಣಾ?”

“ತೆರೀತವ್ವಾ.”

“ಎಷ್ಟು ಸೆಕೆಂಡಿಗೆ?”

“ಅಯ್ಯ, ಸೆಕೆಂಡು ಯಾರು ನೋಡ್ತಾರ? ಮಂದಿ ನೀರು ಕುಡಿಯೋದ್ರಾಗ ತೆರದಿತ್ತು.” ನಾಗೇಂದ್ರಪ್ಪ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಮೇಜಿನ ಆಚೆಯವರು ತಾವೇ ಒಂದು ದಿನ ಆರಿಸಿ ಕೇಳಿದರಂತೆ. ಹೋದ ವರ್ಷ ಮಾರ್ಚ್ ಹದಿನಾಲ್ಕು, ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆ. ಸುನಿತಾ ಎರಡು ಮನೆ ತುಂಬಿದಳು. ಎಪ್ಪತ್ತೊಂದು ಲಾರಿ, ಇಪ್ಪತ್ತಾರಕ್ಕೆ ತಾಡಪಾಲಿಲ್ಲ. ಇನ್ನೊಂದು ದಿನ ಕೇಳಿದರು, ಅದೂ ಬಂತು. ಆರು ದಿನ ಕೇಳಿದರಂತೆ. ಆರನೆಯದಕ್ಕೆ ಎರ್ರೆಮ್ಮ, ಇನ್ನಾ ಏಳುನೂರು ದಿನ ಅದಾವ, ಕೇಳ್ರಿ ಸಾಹೇಬ್ರ, ನಮಗೇನು ಬಸ್ಸು ತಪ್ಪಂಗಿಲ್ಲ ಅಂದಳಂತೆ. ಹಿಂದಿನ ಸಾಲಿನಲ್ಲಿ ಈ ಸಲ ಯಾರೂ ನಗಲಿಲ್ಲ.

ಎರಡು ವಾರದ ಮೇಲೆ ಆದೇಶ ಬಂದಿದೆ. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆ, ಸಂಜೆ ನಾಲ್ಕರಿಂದ ಐದು, ಆ ರಸ್ತೆಯಲ್ಲಿ ಅದಿರು ಲಾರಿ ಇಲ್ಲ. ಸದ್ಯಕ್ಕೆ ಮೂರು ತಿಂಗಳು, ಪ್ರಯೋಗಕ್ಕೆ. ಪೇಪರಿನಲ್ಲಿ ಫೋಟೊ ಬಂದಿತ್ತು. ಆದೇಶ ಕೊಟ್ಟವರು, ಆದೇಶ ಕೊಡಿಸಿದವರು, ಕೊಡಿಸಿದವರ ಹಿಂದೆ ನಿಂತವರು, ಹನ್ನೊಂದು ಮಂದಿ. ಎರ್ರೆಮ್ಮನ ಸೆರಗಿನ ತುದಿ ಒಂದು ಮೂಲೆಯಲ್ಲಿ ಕಾಣುತ್ತಿತ್ತು. ಮಷಿನು ಕಟ್ಟಿದವಳು ಎಲ್ಲಿಯೂ ಇಲ್ಲ. ಆ ಪೇಪರು ಅನುಸೂಯಾಳ ಅಂಗಡಿಗೂ ಬಂದಿದೆ, ಸ್ಕ್ರೂಗಳು ಉರುಳಿಹೋಗದಿರಲೆಂದು ಚಾಪೆಯ ಮೇಲೆ ಹಾಸಿದ್ದಾಳೆ. ಬೇಜಾರಿಲ್ಲವೇ ಎಂದರೆ, ಅದಕ್ಕೂ ಅವಳದು ಲೆಕ್ಕದ ಉತ್ತರ. “ಫೋಟೊದಾಗ ಬಂದಿದ್ರ ನಾಳೆಯಿಂದ ಎಲ್ಲಾರೂ ಹಾರ ತುರಾಯಿ ಹಿಡ್ಕೊಂಡು ಬರ್ತಿದ್ರು. ಕೆಟ್ಟ ಮಷಿನು ಯಾರು ತರ್ತಿದ್ರು?”

ಮೊದಲ ಲಾರಿ ಇಲ್ಲದ ಬೆಳಿಗ್ಗೆ, ಒಂಬತ್ತೂ ನಲವತ್ತಕ್ಕೆ ಸುನಿತಾಳ ಫೋನು. ದನಿಯಲ್ಲಿ ಗೊಂದಲ.

“ಅಕ್ಕಾ, ಅಜ್ಜಿ ಪಾಳ್ಯಾಗ ಕುಂತಾಳ. ಎಂಟೂವರೆಯಿಂದ ಒಂಬತ್ತೂವರೆ ತನಾ ಒಂದೂ ಬಂದಿಲ್ಲ. ಪುಸ್ತಕದಾಗ ಆ ಗಂಟಿ ಖಾಲಿ ಬಿಡ್ಲೇನು?”

“ಖಾಲಿ ಬಿಡಬ್ಯಾಡ,” ಅನ್ನುತ್ತಾಳೆ ಅನುಸೂಯಾ. “ಖಾಲಿ ಬಿಟ್ರ, ಯಾರೂ ಎಣಿಸಾಕ ಕುಂತಿದ್ದಿಲ್ಲ ಅಂತಾರ ನಾಳೆ. ಸೊನ್ನಿ ಬರಿ. ಸೊನ್ನಿ ಅಂದ್ರ ಕುಂತಿದ್ವಿ, ನೋಡಿದ್ವಿ, ಬರಲಿಲ್ಲ ಅಂತ.”

ಫೋನಿಟ್ಟು ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಾಳೆ. ಚಾಪೆಯ ಮೇಲೆ ಸಾವಿರದ ನೂರ ಐವತ್ತೆರಡನೆಯ ಮಷಿನು, ಹಂಪಿಯ ಗೆಸ್ಟ್ ಹೌಸಿನದು, ಊದುಬತ್ತಿಯ ವಾಸನೆ. ನಿಮಗೇನಾದರೂ ಆಸೆ ಉಂಟೇ ಎಂದು ಕೇಳಿದರೆ ಮೊದಲು ಇಲ್ಲ ಅನ್ನುತ್ತಾಳೆ. ಎರಡು ಸ್ಕ್ರೂ ಬಿಚ್ಚಿದ ಮೇಲೆ ತಾನಾಗಿಯೇ ಮಾತು ಬರುತ್ತದೆ.

“ಮೂರು ತಿಂಗಳ ಮ್ಯಾಲ ಆ ಫೈಲು ಸರ್ವೀಸಿಗೆ ಬರತೈತ್ರಿ. ಆ ಗಂಟಿಯ ಕಾಲಮ್ಮು ತೆರದು ಮ್ಯಾಲಿಂದ ಕೆಳಗಿನ ತನಾ ಬರೀ ಸೊನ್ನಿ ನೋಡಬೇಕು. ನನ್ನ ಮಷಿನಿನಾಗ ಅಂಥಾದ್ದೊಂದು ಕಾಲಮ್ಮು ನಾ ಇನ್ನೂ ನೋಡಿಲ್ಲ.”